ಸಹಿಯ ಅಧಿಕಾರ ಯಾರದು? ಮ್ಯಾನ್ಮಾರಿನ ಬಿಕ್ಕಟ್ಟು ಮತ್ತು ಲೋಕದ ಉತ್ತರ



ಮುಂಬೈ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿರುವ ಕನ್ನಡ ಜೈನ ಮನೆಗಳಲ್ಲಿ ಉದ್ದಿನಬೇಳೆಯಾಗಲಿ ತೊಗರಿಬೇಳೆಯಾಗಲಿ ಇಲ್ಲದ ವಾರವಿಲ್ಲ. ಭಾರತವು ಹೊರಗಿನಿಂದ ತರಿಸುವ ಉದ್ದಿನಲ್ಲಿ ಬಹುಪಾಲು ಮ್ಯಾನ್ಮಾರಿನದು. 2021ರ ಜೂನ್ ತಿಂಗಳಲ್ಲಿ ಉಭಯ ದೇಶಗಳ ನಡುವೆ ಒಂದು ಒಪ್ಪಂದವಾಯಿತು. ಅದರಂತೆ ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿಯನ್ನು ಐದು ವರ್ಷಗಳ ಕಾಲ ಖಾಸಗಿ ವರ್ತಕರ ಮೂಲಕ ತರಿಸಿಕೊಳ್ಳಲು ಭಾರತ ಒಪ್ಪಿತು. ಆ ಒಪ್ಪಂದದ ದಿನಾಂಕವನ್ನು ಗಮನಿಸಬೇಕು. ಅದಕ್ಕೆ ನಾಲ್ಕು ತಿಂಗಳ ಹಿಂದೆಯಷ್ಟೇ ಆ ದೇಶದ ಚುನಾಯಿತ ಸರ್ಕಾರವನ್ನು ಸೈನ್ಯ ಕಿತ್ತೊಗೆದಿತ್ತು, ಅಧ್ಯಕ್ಷರು ಸೆರೆಯಲ್ಲಿದ್ದರು. ಹಾಗಾದರೆ ಮ್ಯಾನ್ಮಾರಿನ ಪರವಾಗಿ ಸಹಿ ಮಾಡುವ ಅಧಿಕಾರ ಯಾರಿಗಿತ್ತು?

ಲೆಕ್ಕಪರಿಶೋಧನೆಯ ವೃತ್ತಿಯಲ್ಲಿರುವ ಯಾರೇ ಆಗಲಿ ಯಾವುದೇ ದಾಖಲೆಯನ್ನು ಕೈಗೆತ್ತಿಕೊಂಡಾಗ ಮೊದಲು ಕೇಳುವ ಪ್ರಶ್ನೆ ಇದೇ. ಮೊಬಲಗನ್ನು ನೋಡುವ ಮುನ್ನ ಸಹಿಯನ್ನು ನೋಡುತ್ತಾರೆ. ಸಹಿ ಮಾಡಿದವನಿಗೆ ಅಧಿಕಾರವನ್ನು ಕೊಟ್ಟವರು ಯಾರು, ಅದು ಎಲ್ಲಿಯವರೆಗೆ, ಯಾವ ಸ್ವತ್ತಿನ ಮೇಲೆ ಎಂದು ವಿಚಾರಿಸುತ್ತಾರೆ. ಮ್ಯಾನ್ಮಾರಿನ ವಿಷಯದಲ್ಲಿ ಲೋಕದ ರಾಷ್ಟ್ರಗಳು ಈ ಪ್ರಶ್ನೆಯನ್ನು ಒಮ್ಮೆಯೂ ಕೊನೆಯವರೆಗೆ ಕೇಳಲಿಲ್ಲ. ಐದು ವರ್ಷಗಳ ಖಂಡನೆ, ನಿರ್ಬಂಧ, ರಾಯಭಾರಗಳು ಇಷ್ಟು ಕಡಿಮೆ ಫಲ ಕೊಟ್ಟಿರುವುದಕ್ಕೆ ಇದು ಮುಖ್ಯ ಕಾರಣ.

ಮೊದಲು ನಡೆದ ಸಂಗತಿಯನ್ನು ಸಂಕ್ಷೇಪವಾಗಿ ನೆನೆಯಬೇಕು. 2020ರ ನವೆಂಬರ್ ಚುನಾವಣೆಯಲ್ಲಿ ಆಂಗ್ ಸಾನ್ ಸೂ ಕಿಯವರ ಪಕ್ಷವು ಸಂಸತ್ತಿನ ಉಭಯ ಸದನಗಳ 476 ಚುನಾಯಿತ ಸ್ಥಾನಗಳಲ್ಲಿ 396ನ್ನು ಗೆದ್ದಿತು. 2008ರ ಸಂವಿಧಾನದ ಪ್ರಕಾರ ಕಾಲುಭಾಗ ಸ್ಥಾನಗಳು ಮೊದಲೇ ಸೈನ್ಯಕ್ಕೆ ಮೀಸಲು. ಅದೂ ಸಾಲದೆ, ಮತದಾರರ ಪಟ್ಟಿಯಲ್ಲಿ ಅಕ್ರಮ ನಡೆದಿದೆಯೆಂಬ ನೆಪವೊಡ್ಡಿ, 2021ರ ಫೆಬ್ರವರಿ 1ರ ಬೆಳಗಿನ ಜಾವ ಸೇನಾಧಿಪತಿ ಮಿನ್ ಆಂಗ್ ಹ್ಲೈಂಗ್ ಅಧಿಕಾರವನ್ನು ಕೈವಶ ಮಾಡಿಕೊಂಡರು. ಬೀದಿಗಿಳಿದ ಜನರ ಮೇಲೆ ಗುಂಡು ಹಾರಿತು. ಉಚ್ಚಾಟಿತ ಸಂಸದರು ಅದೇ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಐಕ್ಯ ಸರ್ಕಾರವೆಂಬ ಪರ್ಯಾಯ ಸರ್ಕಾರವನ್ನು ರಚಿಸಿದರು. ಸೆಪ್ಟೆಂಬರ್‌ನಲ್ಲಿ ಅದು ಸೈನ್ಯದ ವಿರುದ್ಧ ರಕ್ಷಣಾ ಯುದ್ಧವನ್ನು ಸಾರಿತು.

ಇಷ್ಟೇ ಆಗಿದ್ದರೆ ಇದನ್ನು ಇಬ್ಬರ ಜಗಳವೆನ್ನಬಹುದಿತ್ತು. ಆದರೆ ಮ್ಯಾನ್ಮಾರ್ ಎಂದೂ ಒಂದೇ ಕೈಯಲ್ಲಿದ್ದ ದೇಶವಲ್ಲ. 1947ರ ಪಾಂಗ್ಲಾಂಗ್ ಒಪ್ಪಂದದಲ್ಲಿ ಶಾನ್, ಕಚಿನ್, ಚಿನ್ ಜನಾಂಗಗಳ ನಾಯಕರಿಗೆ ಸ್ವಾಯತ್ತತೆಯ ಮಾತು ಕೊಟ್ಟ ಆಂಗ್ ಸಾನ್ ಅದೇ ವರ್ಷ ಜುಲೈಯಲ್ಲಿ ಹತರಾದರು. ಆ ಮಾತು ಈಡೇರಲಿಲ್ಲ. 1948ರ ಸ್ವಾತಂತ್ರ್ಯದ ಬೆನ್ನಿಗೇ ಆರಂಭವಾದ ಜನಾಂಗೀಯ ಸಶಸ್ತ್ರ ಹೋರಾಟಗಳು ಇಂದಿಗೂ ನಿಂತಿಲ್ಲ. 2023ರ ಅಕ್ಟೋಬರ್ 27ರಂದು ಉತ್ತರದ ಮೂರು ಜನಾಂಗೀಯ ಪಡೆಗಳು ಕೂಡಿ ಆರಂಭಿಸಿದ ಕಾರ್ಯಾಚರಣೆಯಲ್ಲಿ ಸೈನ್ಯವು ಚೀನಾ ಗಡಿಯ ಊರುಗಳನ್ನು ಒಂದಾದ ಮೇಲೊಂದರಂತೆ ಕಳೆದುಕೊಂಡಿತು. 2024ರ ಆಗಸ್ಟ್‌ನಲ್ಲಿ ಲಾಶಿಯೋದಲ್ಲಿದ್ದ ಈಶಾನ್ಯ ಸೇನಾ ಕೇಂದ್ರವೇ ಬಿತ್ತು. ಡಿಸೆಂಬರ್‌ನಲ್ಲಿ ಪಶ್ಚಿಮದ ಆನ್ ಪಟ್ಟಣದ ಸೇನಾ ಕೇಂದ್ರ ಅರಾಕಾನ್ ಸೇನೆಯ ವಶವಾಯಿತು. ರಖೈನ್ ಪ್ರಾಂತ್ಯದ 17 ತಾಲ್ಲೂಕುಗಳಲ್ಲಿ 14 ಆ ಸೇನೆಯ ಆಡಳಿತಕ್ಕೆ ಬಂದವು. ಅಲ್ಲಲ್ಲಿ ತೆರಿಗೆಯನ್ನು ಎತ್ತುವವರು, ಶಾಲೆಯನ್ನು ನಡೆಸುವವರು, ನ್ಯಾಯ ಹೇಳುವವರು ಬೇರೆ ಬೇರೆ. ದೇಶ ಒಂದು, ಸಹಿಗಳು ಹಲವು.

ಈ ಮಾತಿನ ಅರ್ಥ ಭಾರತಕ್ಕೆ ತಟ್ಟಿರುವುದು ಕಲಾದಾನ್ ಯೋಜನೆಯಲ್ಲಿ. ಕೋಲ್ಕತ್ತದಿಂದ ಸಮುದ್ರದ ಮೂಲಕ ಸಿಟ್ವೆ ಬಂದರಿಗೆ, ಅಲ್ಲಿಂದ ನದಿಯ ಮೂಲಕ ಪಲೆಟ್ವಾಗೆ, ಮುಂದೆ ರಸ್ತೆಯ ಮೂಲಕ ಮಿಜೋರಾಮಿಗೆ ಸರಕನ್ನು ಸಾಗಿಸುವ ಈ ಯೋಜನೆಗೆ 2008ರಲ್ಲಿ ಒಪ್ಪಂದವಾಗಿತ್ತು. 2023ರ ಮೇ ತಿಂಗಳಲ್ಲಿ ಸಿಟ್ವೆ ಬಂದರು ಕಾರ್ಯಾರಂಭ ಮಾಡಿತು. 2024ರ ಜನವರಿಯಲ್ಲಿ ಪಲೆಟ್ವಾ ಅರಾಕಾನ್ ಸೇನೆಯ ಪಾಲಾಯಿತು. ಬಂದರಿನ ಬಾಗಿಲಲ್ಲಿ ಒಬ್ಬ ಯಜಮಾನ, ನದಿಯ ಕೊನೆಯಲ್ಲಿ ಮತ್ತೊಬ್ಬ. ರಾಜಧಾನಿ ನೇಪಿಡಾದಲ್ಲಿ ಪಡೆದ ಸಹಿ ಪಲೆಟ್ವಾದಲ್ಲಿ ಚಲಾವಣೆಯಾಗದು.

ಇನ್ನು ಲೋಕವು ಕೊಟ್ಟ ಉತ್ತರಗಳನ್ನು ನೋಡೋಣವಾಗಲಿ. ಮೊದಲನೆಯದು ಮಾತಿನ ಉತ್ತರ. 2021ರ ಏಪ್ರಿಲ್ 24ರಂದು ಜಕಾರ್ತಾದಲ್ಲಿ ಸೇರಿದ ಆಸಿಯಾನ್ ನಾಯಕರು ಐದು ಅಂಶಗಳ ಒಮ್ಮತಕ್ಕೆ ಬಂದರು: ಹಿಂಸೆಯ ನಿಲುಗಡೆ, ಎಲ್ಲರ ನಡುವೆ ಸಂವಾದ, ವಿಶೇಷ ದೂತರ ಮಧ್ಯಸ್ಥಿಕೆ, ಮಾನವೀಯ ನೆರವು, ದೂತರು ಎಲ್ಲ ಪಕ್ಷಗಳನ್ನೂ ಭೇಟಿಯಾಗುವುದು. ಆ ಸಭೆಗೆ ಕರೆಯಲ್ಪಟ್ಟವರು ಸೇನಾಧಿಪತಿಯೊಬ್ಬರೇ. ಎಲ್ಲರೊಡನೆ ಸಂವಾದ ನಡೆಯಬೇಕೆಂಬ ತೀರ್ಮಾನವನ್ನು ಒಬ್ಬರ ಮುಂದೆ ಕೈಗೊಳ್ಳಲಾಯಿತು. ಹಿಂಸೆ ನಿಲ್ಲಲಿಲ್ಲ. ಅಕ್ಟೋಬರ್‌ನ ಶೃಂಗಸಭೆಗೆ ಅವರನ್ನು ಬರಗೊಡದೆ ಆಸಿಯಾನ್ ತನ್ನ ಅಸಮಾಧಾನವನ್ನು ತೋರಿಸಿತು, ಅದರಾಚೆಗೆ ಹೋಗಲಿಲ್ಲ.

ವಿಶ್ವಸಂಸ್ಥೆಯ ಮಹಾಸಭೆಯು 2021ರ ಜೂನ್ 18ರಂದು 119 ಮತಗಳಿಂದ ಖಂಡನಾ ನಿರ್ಣಯವನ್ನು ಅಂಗೀಕರಿಸಿತು. ವಿರೋಧಿಸಿದ್ದು ಬೆಲಾರಸ್ ಒಂದೇ. ಭಾರತ, ಚೀನಾ, ರಷ್ಯಾ ಸೇರಿ 36 ದೇಶಗಳು ತಟಸ್ಥವಾಗಿದ್ದವು. ಭದ್ರತಾ ಮಂಡಳಿಯು 2022ರ ಡಿಸೆಂಬರ್ 21ರಂದು 2669ನೆಯ ನಿರ್ಣಯವನ್ನು ಅಂಗೀಕರಿಸಿತು. ಪರವಾಗಿ 12 ಮತಗಳು. ಇಲ್ಲಿಯೂ ಅದೇ ಮೂರು ದೇಶಗಳು ತಟಸ್ಥ. ಆ ತಿಂಗಳು ಮಂಡಳಿಯ ಅಧ್ಯಕ್ಷತೆ ಭಾರತದ್ದೇ ಆಗಿತ್ತು. ಎರಡೂ ನಿರ್ಣಯಗಳಲ್ಲಿ ಶಸ್ತ್ರಾಸ್ತ್ರ ಮಾರಾಟಕ್ಕೆ ಕಡ್ಡಾಯ ನಿಷೇಧವಿರಲಿಲ್ಲ.

ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದಿದೆ. ನ್ಯೂಯಾರ್ಕಿನ ಮಹಾಸಭೆಯಲ್ಲಿ ಮ್ಯಾನ್ಮಾರಿನ ಆಸನದಲ್ಲಿ ಮುಂದುವರಿದವರು ಪದಚ್ಯುತ ಸರ್ಕಾರವು ನೇಮಿಸಿದ ರಾಯಭಾರಿ ಕ್ಯಾವ್ ಮೋ ತುನ್. ಆ ಆಸನ ಯಾರದೆಂಬ ತೀರ್ಮಾನವನ್ನು ಸಮಿತಿಯು ಮುಂದೂಡುತ್ತ ಬಂತು. ಹೇಗಿನ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಾದರೋ, ರೋಹಿಂಗ್ಯಾ ಜನರ ನರಮೇಧದ ಕುರಿತು ಗ್ಯಾಂಬಿಯಾ ದೇಶ ಹೂಡಿದ ದಾವೆಯ ವಿಚಾರಣೆಗೆ 2022ರ ಫೆಬ್ರವರಿಯಲ್ಲಿ ಮ್ಯಾನ್ಮಾರಿನ ಪರವಾಗಿ ಹಾಜರಾದವರು ಸೈನ್ಯದ ಪ್ರತಿನಿಧಿಗಳು. ಒಂದೇ ವಿಶ್ವಸಂಸ್ಥೆಯ ಒಂದು ಅಂಗದಲ್ಲಿ ಒಬ್ಬರು ವಾರಸುದಾರರು, ಇನ್ನೊಂದು ಅಂಗದಲ್ಲಿ ಮತ್ತೊಬ್ಬರು. ಒಂದು ಸಂಸ್ಥೆಯ ಪರವಾಗಿ ಇಬ್ಬರು ಬೇರೆ ಬೇರೆ ಕಚೇರಿಗಳಲ್ಲಿ ಸಹಿ ಹಾಕುತ್ತಿದ್ದರೆ ಯಾವ ಬ್ಯಾಂಕೂ ಸುಮ್ಮನಿರದು.

ಎರಡನೆಯದು ಹಣದ ಉತ್ತರ. ದಂಗೆಯ ಮೊದಲ ವಾರದಲ್ಲೇ ಸೈನ್ಯವು ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದ ಸುಮಾರು 100 ಕೋಟಿ ಡಾಲರ್ ಸರ್ಕಾರಿ ಹಣವನ್ನು ಸಾಗಿಸಲು ಯತ್ನಿಸಿತು. ಅಮೆರಿಕ ಅದನ್ನು ತಡೆಹಿಡಿಯಿತು. ಸಹಿಯನ್ನು ಪರೀಕ್ಷಿಸಿ ಹಣವನ್ನು ನಿಲ್ಲಿಸಿದ ಸ್ಪಷ್ಟ ಉದಾಹರಣೆ ಇದು. ಆದರೆ ಬಾವಿಗೆ ಮುಚ್ಚಳ ಹಾಕಿದವರು ಒರತೆಯನ್ನು ಮುಚ್ಚುವುದಕ್ಕೆ ವರ್ಷಗಟ್ಟಲೆ ತಡಮಾಡಿದರು. ದೇಶದ ವಿದೇಶಿ ವಿನಿಮಯದ ದೊಡ್ಡ ಮೂಲ ಥಾಯ್ಲೆಂಡ್, ಚೀನಾಗಳಿಗೆ ಮಾರುವ ನೈಸರ್ಗಿಕ ಅನಿಲ. ಆ ಹಣವನ್ನು ಪಡೆಯುವ ಸರ್ಕಾರಿ ತೈಲ ಮತ್ತು ಅನಿಲ ಸಂಸ್ಥೆಯ ಮೇಲೆ ಐರೋಪ್ಯ ಒಕ್ಕೂಟವು 2022ರ ಫೆಬ್ರವರಿಯಲ್ಲಿ ನಿರ್ಬಂಧ ಹೇರಿತು. ಅಮೆರಿಕ ಆ ಸಂಸ್ಥೆಗೆ ಹಣಕಾಸು ಸೇವೆಗಳನ್ನು ನಿಷೇಧಿಸಿದ್ದು 2023ರ ಡಿಸೆಂಬರ್‌ನಿಂದ. ವಿದೇಶಿ ಹಣ ಹಾದುಬರುವ ಎರಡು ಸರ್ಕಾರಿ ಬ್ಯಾಂಕುಗಳ ಮೇಲೆ ನಿರ್ಬಂಧ ಬಿದ್ದದ್ದು 2023ರ ಜೂನ್‌ನಲ್ಲಿ, ಅಂದರೆ ದಂಗೆಯಾಗಿ ಎರಡು ವರ್ಷಗಳು ಕಳೆದ ಮೇಲೆ.

ಈ ತಡದ ಬೆಲೆಯೇನು? ವಿಶ್ವಸಂಸ್ಥೆಯ ವಿಶೇಷ ವರದಿಗಾರರಾದ ಟಾಮ್ ಆಂಡ್ರ್ಯೂಸ್ 2023ರಲ್ಲಿ ಒಪ್ಪಿಸಿದ ವರದಿಯ ಪ್ರಕಾರ ದಂಗೆಯ ಬಳಿಕ ಸೈನ್ಯವು ಕನಿಷ್ಠ 100 ಕೋಟಿ ಡಾಲರ್ ಬೆಲೆಯ ಶಸ್ತ್ರಾಸ್ತ್ರ ಮತ್ತು ಅವುಗಳ ಸಾಮಗ್ರಿಯನ್ನು ಹೊರಗಿನಿಂದ ತರಿಸಿಕೊಂಡಿತ್ತು. ರಷ್ಯಾದಿಂದ 40.6 ಕೋಟಿ, ಚೀನಾದಿಂದ 26.7 ಕೋಟಿ, ಸಿಂಗಪುರದಲ್ಲಿರುವ ಸಂಸ್ಥೆಗಳಿಂದ 25.4 ಕೋಟಿ, ಭಾರತದಿಂದ 5.1 ಕೋಟಿ, ಥಾಯ್ಲೆಂಡಿನಿಂದ 2.8 ಕೋಟಿ ಡಾಲರ್. ಭಾರತದ ಪಾಲಿನಲ್ಲಿ ಸರ್ಕಾರಿ ಒಡೆತನದ ಸಂಸ್ಥೆಗಳೂ ಸೇರಿವೆಯೆಂಬುದನ್ನು ಅಹಿಂಸೆಯನ್ನು ಪರಮಧರ್ಮವೆನ್ನುವ ಸಮಾಜವು ಮರೆಯಲಾಗದು.

ಆದರೆ ಮರುವರ್ಷದ ವರದಿಯು ಒಂದು ಭರವಸೆಯನ್ನೂ ಒಂದು ಎಚ್ಚರಿಕೆಯನ್ನೂ ಒಟ್ಟಿಗೆ ಕೊಟ್ಟಿತು. ಬ್ಯಾಂಕುಗಳ ಮೂಲಕ ನಡೆದ ಸೈನ್ಯದ ಖರೀದಿಯು ಒಂದು ಆರ್ಥಿಕ ವರ್ಷದಲ್ಲಿ 37.7 ಕೋಟಿ ಡಾಲರಿನಿಂದ 25.3 ಕೋಟಿಗೆ ಇಳಿಯಿತು. ಸಿಂಗಪುರ ಸರ್ಕಾರವು ತನಿಖೆ ಕೈಗೊಂಡ ಮೇಲೆ ಅಲ್ಲಿಂದ ಹೋಗುತ್ತಿದ್ದ ಸರಕು 11 ಕೋಟಿ ಡಾಲರಿನಿಂದ ಸುಮಾರು 1 ಕೋಟಿಗೆ ಕುಸಿಯಿತು. ಅದೇ ಅವಧಿಯಲ್ಲಿ ಥಾಯ್ಲೆಂಡಿನಿಂದ ಹೋದ ಸರಕು ಸುಮಾರು 6 ಕೋಟಿಯಿಂದ 13 ಕೋಟಿಯ ಹತ್ತಿರಕ್ಕೆ ಏರಿತು. ನೆರೆಯ ರಾಷ್ಟ್ರವೊಂದು ತನ್ನ ಬ್ಯಾಂಕುಗಳ ಕಡತವನ್ನು ನಿಷ್ಠೆಯಿಂದ ಪರಿಶೀಲಿಸಿದರೆ ನಿರ್ಬಂಧ ಕೆಲಸ ಮಾಡುತ್ತದೆ. ಇನ್ನೊಂದು ರಾಷ್ಟ್ರ ಕಣ್ಣು ಮುಚ್ಚಿಕೊಂಡರೆ ಅದರ ಅರ್ಧ ಫಲ ಅಲ್ಲಿ ಸೋರಿಹೋಗುತ್ತದೆ. ಇದು ಅಂಕಿಗಳು ಹೇಳುವ ಪಾಠ.

ನಿರ್ಬಂಧವೆಂಬ ಆಯುಧ ಎರಡಲಗಿನದು. 2003ರಲ್ಲಿ ಅಮೆರಿಕ ಬರ್ಮಾದ ಎಲ್ಲ ಸರಕುಗಳ ಆಮದನ್ನೂ ನಿಷೇಧಿಸಿದಾಗ ಸೇನಾನಾಯಕರು ಅಲುಗಾಡಲಿಲ್ಲ. ಸಿದ್ಧ ಉಡುಪಿನ ಕಾರ್ಖಾನೆಗಳು ಮುಚ್ಚಿ ಸಾವಿರಾರು ಹೆಣ್ಣುಮಕ್ಕಳು ಕೂಲಿಯನ್ನು ಕಳೆದುಕೊಂಡರು. 2022ರ ಅಕ್ಟೋಬರ್‌ನಲ್ಲಿ ಅಕ್ರಮ ಹಣದ ಮೇಲೆ ನಿಗಾ ಇಡುವ ಅಂತಾರಾಷ್ಟ್ರೀಯ ಕಾರ್ಯಪಡೆಯು ಮ್ಯಾನ್ಮಾರನ್ನು ಇರಾನ್, ಉತ್ತರ ಕೊರಿಯಾಗಳೊಡನೆ ಕಪ್ಪುಪಟ್ಟಿಗೆ ಸೇರಿಸಿತು. ಅದು ಕೇಳಿದ್ದು ಹೆಚ್ಚಿನ ಪರಿಶೀಲನೆಯನ್ನು ಮಾತ್ರ. ಆದರೆ ತೊಂದರೆಯೇ ಬೇಡವೆಂದು ಬ್ಯಾಂಕುಗಳು ಇಡೀ ದೇಶದ ವ್ಯವಹಾರದಿಂದಲೇ ಹಿಂದೆ ಸರಿದರೆ, ಹೊರನಾಡಿನಲ್ಲಿ ದುಡಿದು ತಾಯಿಗೆ ಹಣ ಕಳುಹಿಸುವ ಕೂಲಿಯವನಿಗೆ ಕಷ್ಟವಾಗುತ್ತದೆ. ಸೇನಾಡಳಿತವಾದರೋ ಡಾಲರಿಗೆ 2,100 ಕ್ಯಾಟ್ ಎಂಬ ಅಧಿಕೃತ ದರವನ್ನು ನಿಗದಿ ಮಾಡಿತು. 2024ರಲ್ಲಿ ಪೇಟೆಯ ದರ 4,000ವನ್ನು ದಾಟಿತು. ಈ ಎರಡು ದರಗಳ ನಡುವಿನ ಅಂತರವು ಯಾವ ಕಾನೂನಿನಲ್ಲೂ ಬರೆಯದ ತೆರಿಗೆ. ಅದನ್ನು ತೆರುವವನು ರಫ್ತುಗಾರ ಮತ್ತು ರೈತ. ಪಡೆಯುವವನು ಅಧಿಕೃತ ದರದಲ್ಲಿ ಡಾಲರ್ ಸಿಗುವ ಅಧಿಕಾರಸ್ಥ.

ಮೂರನೆಯದು ನೆರೆಯವರ ಉತ್ತರ. ಚೀನಾ ಎಲ್ಲ ಪಕ್ಷಗಳೊಡನೆಯೂ ಮಾತನಾಡಿತು, ತನ್ನ ಲಾಭಕ್ಕಾಗಿ. ಗಡಿಯಲ್ಲಿ ತನ್ನ ಪ್ರಜೆಗಳನ್ನು ಸುಲಿಯುತ್ತಿದ್ದ ಆನ್‌ಲೈನ್ ವಂಚನೆಯ ಅಡ್ಡೆಗಳು ಅಳಿಯಬೇಕಿದ್ದಾಗ ಬಂಡುಕೋರರ ಮುನ್ನಡೆಯನ್ನು ತಡೆಯಲಿಲ್ಲ. ಸೈನ್ಯವೇ ಕುಸಿಯುವ ಭೀತಿ ಹುಟ್ಟಿದಾಗ ಗಡಿದ್ವಾರಗಳನ್ನು ಮುಚ್ಚಿ ಒತ್ತಡ ಹೇರಿತು. 2025ರ ಏಪ್ರಿಲ್‌ನಲ್ಲಿ ಲಾಶಿಯೋ ನಗರ ಸೈನ್ಯಕ್ಕೆ ಮರಳಿತು. ಚೀನಾದ ಮಧ್ಯಸ್ಥಿಕೆಯ ಉದ್ದೇಶ ಮ್ಯಾನ್ಮಾರಿನ ಜನರ ಹಿತವಲ್ಲದಿರಬಹುದು. ಆದರೂ ಯಾವ ತುಂಡಿನ ಮೇಲೆ ಯಾರ ಸಹಿ ನಡೆಯುತ್ತದೆಂಬುದನ್ನು ಸರಿಯಾಗಿ ತಿಳಿದು ನಡೆದುಕೊಂಡ ದೇಶ ಅದೊಂದೇ.

ಭಾರತದ ಕಷ್ಟವನ್ನೂ ನ್ಯಾಯವಾಗಿ ತೂಗಬೇಕು. 1,643 ಕಿಲೋಮೀಟರ್ ಗಡಿ, ಈಶಾನ್ಯದ ಉಗ್ರರ ಆಶ್ರಯತಾಣಗಳು, ಚೀನಾದ ಪ್ರಭಾವ, ಮಣಿಪುರದ ಉರಿ; ಇವುಗಳ ನಡುವೆ ನೇಪಿಡಾದೊಡನೆ ಸಂಬಂಧವನ್ನು ಕಡಿದುಕೊಳ್ಳುವುದು ಸುಲಭವಲ್ಲ. ಆದರೆ ಗಡಿಯ ಬಹುಭಾಗದ ಆಚೆ ಈಗ ನೇಪಿಡಾದ ಆಡಳಿತವಿಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಗಡಿಯ ಎರಡೂ ಬದಿಯ ಜನರು 16 ಕಿಲೋಮೀಟರ್ ಒಳಗೆ ವೀಸಾ ಇಲ್ಲದೆ ಓಡಾಡುವ ವ್ಯವಸ್ಥೆಯನ್ನು ರದ್ದುಗೊಳಿಸುವುದಾಗಿ ಪ್ರಕಟಿಸಿತು. ಇತ್ತ ಮಿಜೋರಾಮ್ ಚಿನ್ ಜನಾಂಗದ 30,000ಕ್ಕೂ ಹೆಚ್ಚು ನಿರಾಶ್ರಿತರಿಗೆ ಆಶ್ರಯ ಕೊಟ್ಟಿತು. 2021ರ ಮಾರ್ಚ್‌ನಲ್ಲೇ ಅವರನ್ನು ತಡೆಯಬೇಕೆಂದು ದೆಹಲಿಯಿಂದ ಆದೇಶ ಬಂದಾಗ ಅಂದಿನ ಮುಖ್ಯಮಂತ್ರಿ ಜೋರಾಮ್‌ಥಂಗಾ ಇವರು ರಕ್ತಸಂಬಂಧಿಗಳೆಂದು ಪ್ರಧಾನಿಗೆ ಪತ್ರ ಬರೆದರು. ಮಿಜೋರಾಮಿನ ಚರ್ಚುಗಳು, ಯುವಕ ಸಂಘಗಳು ಅಕ್ಕಿ ಬೇಳೆಯನ್ನು ಒಟ್ಟುಗೂಡಿಸಿದವು. ಶ್ರೀಮಂತವಲ್ಲದ ಆ ಪುಟ್ಟ ರಾಜ್ಯ ಮಾಡಿದ್ದನ್ನು ಜೈನ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಆಹಾರದಾನ, ಅದು ಅಭಯದಾನ.

ತುಂಡಾದ ದೇಶದ ಅಪಾಯ ಗಡಿಯಲ್ಲೇ ನಿಲ್ಲುವುದಿಲ್ಲ. ಥಾಯ್ ಗಡಿಯ ಮ್ಯಾವಡ್ಡಿಯಲ್ಲಿ, ಸೈನ್ಯದ ಪೂರ್ಣ ಹಿಡಿತವಿಲ್ಲದ, ಸ್ಥಳೀಯ ಸಶಸ್ತ್ರ ಪಡೆಗಳ ನೆರಳಿನಲ್ಲಿ ಬೆಳೆದ ವಂಚನಾ ಕೇಂದ್ರಗಳಿಗೆ ಕಂಪ್ಯೂಟರ್ ಉದ್ಯೋಗದ ಆಸೆ ತೋರಿಸಿ ಭಾರತೀಯ ಯುವಕರನ್ನೂ ಸಾಗಿಸಲಾಯಿತು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಎರಡು ದಿನಗಳಲ್ಲಿ 549 ಮಂದಿಯನ್ನು ಮರಳಿ ತಂದವು. ಅದೇ ತಿಂಗಳ 28ರಂದು ಸಗಾಯಿಂಗ್ ಪ್ರಾಂತ್ಯವನ್ನು 7.7 ತೀವ್ರತೆಯ ಭೂಕಂಪ ನಡುಗಿಸಿದಾಗ ಭಾರತವು ಆಪರೇಷನ್ ಬ್ರಹ್ಮ ಎಂಬ ಹೆಸರಿನಲ್ಲಿ ಶೀಘ್ರವಾಗಿ ನೆರವನ್ನು ಕಳುಹಿಸಿತು. ಅದು ಶ್ಲಾಘ್ಯ. ಆದರೆ ನೆರವು ಇಳಿದದ್ದು ಸೈನ್ಯದ ಹಿಡಿತದ ವಿಮಾನ ನಿಲ್ದಾಣಗಳಲ್ಲಿ. ಆಚೆ ದಡದ ಹಳ್ಳಿಗಳ ಮೇಲೆ ಭೂಕಂಪದ ನಂತರವೂ ಬಾಂಬು ಬೀಳುವುದು ನಿಲ್ಲಲಿಲ್ಲ.

ಈಗ ಚುನಾವಣೆಯೆಂಬ ಹೊಸ ಅಧ್ಯಾಯ. 2025ರ ಡಿಸೆಂಬರ್ 28, 2026ರ ಜನವರಿ 11 ಮತ್ತು 25ರಂದು ಮೂರು ಹಂತಗಳಲ್ಲಿ ಮತದಾನ ನಡೆಯಿತು. 2020ರಲ್ಲಿ ಗೆದ್ದ ಪಕ್ಷವನ್ನು 2023ರಲ್ಲೇ ವಿಸರ್ಜಿಸಲಾಗಿತ್ತು. ಯುದ್ಧ ನಡೆದಿರುವ ಹತ್ತಾರು ತಾಲ್ಲೂಕುಗಳಲ್ಲಿ ಮತಗಟ್ಟೆಗಳೇ ಇರಲಿಲ್ಲ. ಸೈನ್ಯದ ಬೆಂಬಲದ ಪಕ್ಷ ಗೆದ್ದಿತು. ದಾಖಲೆಗಳ ಅರ್ಧದಷ್ಟನ್ನು ಮುಚ್ಚಿಟ್ಟು ಉಳಿದರ್ಧದ ಮೇಲೆ ಪ್ರಮಾಣಪತ್ರ ಕೇಳುವ ಸಂಸ್ಥೆಗೆ ಯಾವ ಪ್ರಾಮಾಣಿಕ ಲೆಕ್ಕಪರಿಶೋಧಕನೂ ಸಹಿ ಹಾಕುವುದಿಲ್ಲ. ಇನ್ನು ಮುಂದೆ ಲೋಕದ ರಾಷ್ಟ್ರಗಳಿಗೆ ಒಡ್ಡಲ್ಪಡುವ ಆಮಿಷ ಇದೇ: ದಣಿವಾಗಿದೆ, ಚುನಾವಣೆಯೂ ಆಗಿದೆ, ಕಡತವನ್ನು ಮುಚ್ಚಿಬಿಡೋಣ ಎಂಬುದು.

ಹಾಗಾದರೆ ಮಾಡತಕ್ಕದ್ದೇನು? ಅನೇಕಾಂತವನ್ನು ಓದಿದವರಿಗೆ ಉತ್ತರ ಅಪರಿಚಿತವಲ್ಲ. ವಸ್ತುವಿಗೆ ಅನೇಕ ಧರ್ಮಗಳಿರುವಾಗ ಒಂದೇ ನಯದಿಂದ ನೋಡಿ ಇಷ್ಟೇ ಎಂದು ಸಾಧಿಸುವುದು ದುರ್ನಯ. ನೇಪಿಡಾ ಒಂದೇ ಮ್ಯಾನ್ಮಾರ್ ಎನ್ನುವುದೂ ದುರ್ನಯ. ಪರ್ಯಾಯ ಸರ್ಕಾರವೊಂದೇ ಇಡೀ ದೇಶ ಎನ್ನುವುದೂ ದುರ್ನಯವೇ. ಆದುದರಿಂದ ಮೊದಲನೆಯದಾಗಿ, ಯಾವ ಪ್ರದೇಶದಲ್ಲಿ ಯಾರು ಆಡಳಿತ ನಡೆಸುತ್ತಿರುವರೋ ಅವರೊಡನೆ ಆ ಪ್ರದೇಶದ ಜನರ ಅನ್ನ, ಔಷಧ, ಶಾಲೆಗಳ ಕುರಿತು ಮಾತುಕತೆ ನಡೆಯಬೇಕು. ಇದು ಮಾನ್ಯತೆಯಲ್ಲ, ವ್ಯವಹಾರ. ಹಾಗೆ ಮಾತನಾಡುವವರು ಆ ಪಡೆಗಳಿಂದಲೂ ಲೆಕ್ಕ ಕೇಳಬೇಕು. ಅವರ ಕೈಗಳೂ ಎಲ್ಲೆಡೆ ಶುದ್ಧವಾಗಿಲ್ಲ. ಎರಡನೆಯದಾಗಿ, ನೆರವು ಗಡಿಗಳ ಮೂಲಕವೂ ಹರಿಯಬೇಕು. ಮಿಜೋರಾಮಿನ ಗಡಿ ಅದಕ್ಕೆ ಅತ್ಯಂತ ಸಮೀಪದ ದ್ವಾರ. ಮೂರನೆಯದಾಗಿ, ನಿರ್ಬಂಧವು ಜನರ ಸಂತೆಯ ಮೇಲೆ ಬೀಳದೆ ಬಾಂಬಿನ ಖರ್ಚಿನ ಮೇಲೆ ಬೀಳಬೇಕು: ವಿಮಾನದ ಇಂಧನ, ಆಯುಧಗಳ ಬಿಡಿಭಾಗ, ಅವುಗಳ ವಿಮೆ ಮತ್ತು ಬ್ಯಾಂಕ್ ಪಾವತಿ. ನಾಲ್ಕನೆಯದಾಗಿ, ಭಾರತದ ಸಂಸ್ಥೆಗಳಿಂದ ಒಂದು ಬಿಡಿಭಾಗವೂ ಆ ಸೈನ್ಯಕ್ಕೆ ಹೋಗದಂತೆ ನೋಡಿಕೊಳ್ಳಲು ಬೇರೆ ಯಾವ ದೇಶದ ಒಪ್ಪಿಗೆಯೂ ಬೇಕಿಲ್ಲ.

ಕೊನೆಯದಾಗಿ ಈ ಸಮಾಜಕ್ಕೆ ಸಂಬಂಧಿಸಿದ ಮಾತು. 1962ರಲ್ಲಿ ನೇ ವಿನ್ ಅಧಿಕಾರ ಹಿಡಿದು 1964ರಲ್ಲಿ ಅಂಗಡಿ ಮುಂಗಟ್ಟುಗಳನ್ನು ರಾಷ್ಟ್ರೀಕರಿಸಿದಾಗ ಲಕ್ಷಾಂತರ ಭಾರತೀಯರು ಬರಿಗೈಯಲ್ಲಿ ಹಡಗು ಹತ್ತಿದರು. ಚೆನ್ನೈ ನಿವಾಸಿಗಳಿಗೆ ಬರ್ಮಾ ಬಜಾರ್ ಆ ನೋವಿನ ಸ್ಮಾರಕ. ಸಹಿಯ ಅಧಿಕಾರವಿಲ್ಲದವನು ಸಹಿ ಹಾಕಿದರೆ ಏನಾಗುತ್ತದೆಂಬುದನ್ನು ವರ್ತಕ ಸಮುದಾಯಗಳು ಪುಸ್ತಕದಿಂದ ಕಲಿಯಬೇಕಾಗಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲೊಂದು ತದಾಹೃತಾದಾನ, ಅಂದರೆ ಕದ್ದು ತಂದುದನ್ನು ಕೊಳ್ಳುವುದು. ಮತ್ತೊಂದು ವಿರುದ್ಧರಾಜ್ಯಾತಿಕ್ರಮ. ಕನ್ನಡನಾಡಿನ ಆಚಾರ್ಯರಾದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುತ್ತ, ರಾಜ್ಯವು ಕಲಹದಲ್ಲಿರುವಾಗ ಬೆಲೆಬಾಳುವ ವಸ್ತುಗಳನ್ನು ಅಗ್ಗವಾಗಿ ಪಡೆಯಲು ಹವಣಿಸುವುದನ್ನು ದೋಷವೆಂದು ಎಣಿಸಿದ್ದಾರೆ. ಮಾಣಿಕ್ಯದ ಊರಾದ ಮೊಗೊಕ್ 2024ರ ಜುಲೈಯಲ್ಲಿ ಬಂಡುಕೋರರ ಕೈಸೇರಿತು. 2025ರ ಅಕ್ಟೋಬರ್‌ನಲ್ಲಿ ಅದನ್ನು ತೆರವು ಮಾಡಲು ಅವರು ಚೀನಾದ ಮಧ್ಯಸ್ಥಿಕೆಯಲ್ಲಿ ಒಪ್ಪಿದರು. ಆ ಗಣಿಗಳಿಂದ ಬಂದ ಕೆಂಪು ಕಲ್ಲಿನ ಬೆಲೆ ಯಾರ ಬಂದೂಕಿಗೆ ಹೋಯಿತೆಂದು ಕೇಳುವುದು ಪ್ರತಿಕ್ರಮಣದಲ್ಲಿ ಅತಿಚಾರಗಳನ್ನು ನೆನೆಯುವ ರತ್ನವರ್ತಕನ ಕರ್ತವ್ಯವಲ್ಲವೇ?

ಬೇಳೆಯ ವಿಷಯ ಬೇರೆ. ಉದ್ದು, ತೊಗರಿ ಬೆಳೆಯುವವರು ಸಣ್ಣ ರೈತರು; ತೊಗರಿಯ ಬಹುಪಾಲು ಬೆಳೆ ಮಧ್ಯಭಾಗದ ಒಣಪ್ರದೇಶದ್ದು. ಅದೇ ಪ್ರದೇಶ ಇಂದು ಬಾಂಬುಗಳಿಗೆ ಗುರಿಯಾಗಿದೆ. ಅವರ ಬೆಳೆಯನ್ನು ಬಹಿಷ್ಕರಿಸಿದರೆ ಬಡವನ ಹೊಟ್ಟೆಗೆ ಏಟು. ಆದರೆ 2024ರ ಜನವರಿಯಿಂದ ರೂಪಾಯಿ ಮತ್ತು ಕ್ಯಾಟ್‌ಗಳ ನಡುವೆ ನೇರ ಪಾವತಿಯ ವ್ಯವಸ್ಥೆ ಇರುವಾಗ, ಹಣ ಯಾವ ಬ್ಯಾಂಕಿನ ಮೂಲಕ, ಯಾವ ದರದಲ್ಲಿ, ಯಾರ ಒಡೆತನದ ಸಂಸ್ಥೆಗೆ ಹೋಗುತ್ತಿದೆಯೆಂದು ಆಮದುದಾರನೂ ಅವನ ಲೆಕ್ಕಿಗನೂ ವಿಚಾರಿಸಬಲ್ಲರು. ಆ ವಿಚಾರಣೆಗೆ ಬೇಕಾದುದು ಒಂದು ಪತ್ರ, ಅರ್ಧ ಗಂಟೆಯ ಸಮಯ ಮತ್ತು ಉತ್ತರ ಸರಿಯಿಲ್ಲದಿದ್ದರೆ ಲಾಭವನ್ನು ಬಿಡುವ ಮನಸ್ಸು.

ರಾತ್ರಿಭೋಜನ ತ್ಯಾಗ, ಕಂದಮೂಲ ತ್ಯಾಗಗಳಲ್ಲಿ ಕಟ್ಟುನಿಟ್ಟಾಗಿರುವ ಸಮಾಜವು ತಟ್ಟೆಯನ್ನು ಶೋಧಿಸಿದಷ್ಟೇ ಶ್ರದ್ಧೆಯಿಂದ ಖಾತೆಪುಸ್ತಕವನ್ನೂ ಶೋಧಿಸಲಿ. ಈ ವರ್ಷದ ದಶಲಕ್ಷಣ ಪರ್ವದ ದಾನನಿಧಿಯಲ್ಲಿ ಒಂದು ಪಾಲು ಮಿಜೋರಾಮಿನ ನಿರಾಶ್ರಿತ ಮಕ್ಕಳ ಶಾಲೆ ಮತ್ತು ಔಷಧಕ್ಕೆ ಮೀಸಲಾಗಲಿ. ಅದಕ್ಕೆ ಸಹಿ ಮಾಡುವ ಅಧಿಕಾರ ಈ ಸಭೆಯಲ್ಲಿರುವ ಪ್ರತಿಯೊಬ್ಬರಿಗೂ ಇದೆ.

ಜೈ ಜಿನೇಂದ್ರ.